ಹನಿ ನೀರಿನಲ್ಲಿ ಕಾವು ನೋಡುವ ದೇವಿಂದ್ರಪ್ಪ

ನರಸಿಂಹ ಮಾಸ್ತರರು ದೇವಿಂದ್ರಪ್ಪನನ್ನು ಮೊದಲ ಸಲ ಕಂಡದ್ದು ವಾಡಿಯ ಶಾಲೆಯ ಬಯಲಿನಲ್ಲಿ, 2003ನೆಯ ಇಸವಿಯ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ. ಉತ್ತರಪತ್ರಿಕೆಗಳನ್ನು ತಿದ್ದಿ ಮುಗಿಸಬೇಕೆಂದು ಅವರು ರಜೆಯ ದಿನವೂ ಶಾಲೆಗೆ ಬಂದಿದ್ದರು. ನಾಲ್ಕು ಪತ್ರಿಕೆ ತಿದ್ದುವಷ್ಟರಲ್ಲಿ ಹೊರಗೆ ಕಣಜದ ಗೂಡಿಗೆ ಕಲ್ಲು ಬಿದ್ದಂಥ ಸದ್ದೆದ್ದಿತು. ಕಿಟಕಿಯಿಂದ ಇಣುಕಿದರೆ, ಮೊರದಷ್ಟು ಉದ್ದದ ಕೆಂಪು ಲಾರಿಯೊಂದು ನೀಲಿ ಹೊಗೆ ಬಿಡುತ್ತ, ಧೂಳೆಬ್ಬಿಸುತ್ತ ಮೈದಾನವನ್ನು ಸುತ್ತುತ್ತಿತ್ತು. ನಡುವೆ ಗಿರಿಜಾ ಮೀಸೆಯ ಎತ್ತರದ ಆಳೊಬ್ಬ, ಉದ್ದನೆಯ ಕಡ್ಡಿಯಿದ್ದ ಪೆಟ್ಟಿಗೆಯೊಂದನ್ನು ಕೈಯಲ್ಲಿ ಹಿಡಿದು, ಲಾರಿ ತಿರುಗಿದತ್ತ ತಾನೂ ಮೈ ಓಲಾಡಿಸುತ್ತಿದ್ದ.

ಲಾರಿ ಬಂದು ಅವನ ಕಾಲ ಬಳಿ ನಿಂತಿತು. ಅವನು ಮೊಣಕಾಲೂರಿ ಕುಳಿತು, ತಂಬಿಗೆಯಲ್ಲಿ ಬೆರಳದ್ದಿ, ಲಾರಿಯ ನೆತ್ತಿಯ ಮೇಲೆ ಒಂದೇ ಒಂದು ಹನಿ ಬಿಟ್ಟು, "ಚಂದ್ರಲಾಂಬಾ ತಾಯಿ" ಎಂದ.

ಮಾಸ್ತರರಿಗೆ ಕುಳಿತಿರಲಾಗಲಿಲ್ಲ. ಕೆಂಪು ಪೆನ್ನು ಹಿಡಿದೇ ಹೊರಗೆ ಬಂದರು.

"ಏನಪಾ, ಆಟಿಗಿ ಸಾಮಾನಿಗಿ ಪೂಜಾ ಮಾಡಾಕತ್ತಿಯೇನು?"

"ಪೂಜಾ ಅಲ್ರೀ ಸರ. ಜ್ವರ ನೋಡಾಕತ್ತೀನಿ," ಎಂದ ಅವನು, ತಲೆ ಎತ್ತದೆ. "ಈಗ ಛಲೋ ಅದ. ಕುಂದ್ರಿ, ಇನ್ನೊಂದು ಸುತ್ತು ಹೊಡಸ್ತೀನಿ, ನೋಡ್ರಿ."

ಅಂದು ತಿದ್ದಬೇಕಾದ ಪತ್ರಿಕೆಗಳು ಹಾಗೆಯೇ ಉಳಿದವು. ದೇವಿಂದ್ರಪ್ಪನ ಕಥೆ ಮಾತ್ರ ಚಹಾದ ಅಂಗಡಿಯವರೆಗೂ ಸಾಗಿತು.

ದೇವಿಂದ್ರಪ್ಪ ಸನ್ನತಿಯ ಕಡೆಯವನು. ಹರೆಯದಲ್ಲೇ ವಾಡಿಗೆ ಬಂದು, ಚಿತ್ತಾಪುರದ ದಾರಿಯಲ್ಲಿದ್ದ ಸುಣ್ಣಗಲ್ಲಿನ ಗಣಿಯೊಂದರಲ್ಲಿ ಟಿಪ್ಪರ್ ಚಾಲಕನಾದ. ಕೆಲಸದಲ್ಲಿ ಹುಲಿ, ಆದರೆ ಎಲ್ಲರಿಗಿಂತ ಮೊದಲು ಕಲ್ಲು ಸುರಿದು ಬರಬೇಕೆಂಬ ಒಂದು ಹುಚ್ಚು ಅವನಿಗಿತ್ತು. ತೊಂಬತ್ತೇಳರ ಬೇಸಿಗೆಯಲ್ಲಿ ಆ ಹುಚ್ಚು ಅವನ ಕೈ ಕಚ್ಚಿತು. ಏರು ಹತ್ತುವಾಗ ಕಾವಿನ ಮುಳ್ಳು ಕೆಂಪು ಗೆರೆ ದಾಟಿತ್ತು. ಇದೊಂದು ಏರು ಹತ್ತಿಬಿಡೋಣ ಎಂದು ಇವನು ಒತ್ತಿದ. ಅರ್ಧ ಏರಿನಲ್ಲಿ ಎಂಜಿನ್ ಒಮ್ಮೆ ನರಳಿ, ಬಿಗಿಹಿಡಿದು ನಿಂತೇ ಹೋಯಿತು. ಚಾಲಕರ ಮೇಲ್ವಿಚಾರಕನಾದ ಮುಕ್ಕಾದಮ ಗುಲಾಮ ದಸ್ತಗೀರ ಕೈಯೊಡ್ಡಿ ಚಾವಿ ಇಸಿದುಕೊಂಡ.

ಅಂದಿನಿಂದ ಅವನಿಗೆ ಗಣಿಯ ದಾರಿಗೆ ನೀರು ಹೊಡೆಯುವ ಕೆಲಸ. ಟಿಪ್ಪರುಗಳು ಧೂಳೆಬ್ಬಿಸಿ ಹೋಗುವುದು, ಇವನು ಪೈಪು ಹಿಡಿದು ಆ ಧೂಳನ್ನು ಅಡಗಿಸುವುದು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಜನ ಅವನ ಹೆಸರಿನ ಮುಂದೆ ಒಂದು ಮಾತು ಸೇರಿಸಿಬಿಟ್ಟರು: ಸುಟ್ಟ ದೇವಿಂದ್ರಪ್ಪ. ಓಣಿಯ ನಲ್ಲಿಯ ಹತ್ತಿರ ಅವನ ಹೆಂಡತಿ ಸಾಬಮ್ಮನನ್ನೂ ಹಾಗೆಯೇ ಗುರುತಿಸತೊಡಗಿದರು. "ಯಾವ ಸಾಬಮ್ಮ?" ಎಂದರೆ, "ಸುಟ್ಟ ದೇವಿಂದ್ರಪ್ಪನ ಹೇಣ್ತಿ ಅಲಾ" ಎನ್ನುವರು. ಮತ್ತೆ ಟಿಪ್ಪರಿನ ಚಾವಿ ಕೈಗೆ ಬಾರದೆ ಈ ಹೆಸರು ಅಳಿಯದು ಎಂಬುದು ಗಂಡಹೆಂಡಿರಿಬ್ಬರಿಗೂ ಗೊತ್ತಿತ್ತು.

ಹೀಗಿರುವಾಗ, 2002ರ ದಸರೆ ಮುಗಿದ ಮೇಲೆ, ಗಣಿಯ ಎಂಜಿನಿಯರ್ ಅರುಣಕುಮಾರ ಸಾಹೇಬರಿಗೆ ಅವರ ಅಣ್ಣ ಮಸ್ಕತ್ತಿನಿಂದ ಆ ಕೆಂಪು ಲಾರಿಯನ್ನು ತಂದುಕೊಟ್ಟ. ಬ್ಯಾಟರಿಯ ಆಟಿಗೆಯಲ್ಲ, ಲಿಂಬೆಹಣ್ಣಿನ ಗಾತ್ರದ ನಿಜವಾದ ಎಂಜಿನ್ ಅದಕ್ಕಿತ್ತು. ನೈಟ್ರೋ ಎಂಬ ಘಾಟು ವಾಸನೆಯ ಎಣ್ಣೆ ಕುಡಿದು ಓಡುತ್ತಿತ್ತು. ಸಾಹೇಬರು ಆ ಎಣ್ಣೆಯನ್ನು ಹೈದರಾಬಾದಿನಿಂದ ಡಬ್ಬಿಗಟ್ಟಲೆ ತರಿಸಿಟ್ಟಿದ್ದರು. ಅಷ್ಟರಲ್ಲಿ ಅವರನ್ನು ದೂರದ ಇನ್ನೊಂದು ಗಣಿಗೆ ಒಂದು ವರ್ಷದ ಮಟ್ಟಿಗೆ ಕಳಿಸಿದರು.

"ಯಾರರ ಇದನ್ನ ವಾರಕ್ಕೊಮ್ಮೆ ಓಡಿಸ್ತಿರಬೇಕಲ್ಲಾ. ಸುಮ್ಮನಿಟ್ರ ಒಳಗ ಜಂಗು ಹಿಡಿತದ," ಎಂದರು ಸಾಹೇಬರು.

ದಸ್ತಗೀರ ಗಡ್ಡ ನೀವಿಕೊಂಡು, "ನಮ್ಮ ದೇವಿಂದ್ರಪ್ಪಗ ಕೊಡ್ರಿ ಸಾಹೇಬ್ರ. ದೊಡ್ಡ ಇಂಜಿನ್ ಸುಟ್ಟಾನ, ಸಣ್ಣದೊಂದು ಉಳದದ," ಎಂದ. ಸುತ್ತಲಿನವರು ನಕ್ಕರು.

ಹಿಂದಿನ ಕಥೆ ಗೊತ್ತಿಲ್ಲದ ಸಾಹೇಬರು ಅದನ್ನು ಬರೀ ತಮಾಷೆಯೆಂದುಕೊಂಡರು. ಲಾರಿಯನ್ನು ದೇವಿಂದ್ರಪ್ಪನ ಕೈಗೆ ಕೊಟ್ಟೇಬಿಟ್ಟರು. ಅವನು ಕೈ ಹಿಂದೆಗೆಯಲಿಲ್ಲ. ದಸ್ತಗೀರನ ಕಡೆ ತಿರುಗಿ, "ಉಸ್ತಾದ್, ಬರೋ ವರ್ಷ ಮಹಾನವಮಿಗಿ ಸಾಹೇಬ್ರು ಬರ್ತಾರ. ಅವತ್ತು ಎಲ್ಲಾರ ಮುಂದ ಒಂದು ಟಾಕಿ ಎಣ್ಣಿ ಮುಗಿಯೋತನ ಇದನ್ನ ನಿಲ್ಲಿಸದಂಗ ಓಡಿಸಿ ತೋರಿಸ್ತೀನಿ. ತೋರಿಸಿದ್ರ ಚಾವಿ ಕೊಡ್ತೀರೇನು?" ಎಂದು ಕೇಳಿದ.

"ಟಾಕಿ ಪೂರಾ ಓಡ್ಲಿ, ಇಂಜಿನ್ ಸುಡಬಾರದು. ಕೊಡ್ತೀನಿ ಹೋಗು," ಎಂದ ದಸ್ತಗೀರ.

ಹೋಗುವ ಮುನ್ನ ಸಾಹೇಬರು ಕಾವು ನೋಡುವ ಬಗೆಯನ್ನು ತೋರಿಸಿಕೊಟ್ಟರು. ಎಂಜಿನ್ನಿನ ತಲೆಯ ಕಾವು ಕುದಿಯುವ ನೀರಿಗಿಂತ ತುಸು ಹೆಚ್ಚಿರಬೇಕು, ಬಹಳ ಹೆಚ್ಚಿರಬಾರದು. ಒಂದು ಹನಿ ನೀರು ಬಿಟ್ಟರೆ ಚುರ್ ಎಂದು ಆ ಕ್ಷಣವೇ ಆರಿದರೆ ಅತಿ ಕಾದಿದೆ. ಆರದೆ ಕುಳಿತೇ ಇದ್ದರೆ ಇನ್ನೂ ತಣ್ಣಗಿದೆ. ಕುದ್ದು, ಕುಣಿದು, ತುಸು ತಡೆದು ಆರಿದರೆ ಸರಿ. ಆ 'ತುಸು' ಎಂದರೆ ಎಷ್ಟು ಎಂಬುದನ್ನು ದೇವಿಂದ್ರಪ್ಪ ತನ್ನ ಊರಿನ ದೇವಿಯ ಹೆಸರಿನಲ್ಲಿ ಅಳೆದುಕೊಂಡ. "ಚಂದ್ರಲಾಂಬಾ ತಾಯಿ" ಎಂದು ನಿಧಾನವಾಗಿ ಹೇಳಿ ಮುಗಿಸುವುದಕ್ಕೂ ಹನಿ ಆರುವುದಕ್ಕೂ ಸರಿಹೋದರೆ, ಎಂಜಿನ್ ಹದದಲ್ಲಿದೆ ಎಂದು ಅರ್ಥ.

ಅಳತೆ ಸಿಕ್ಕಿತು, ಆದರೆ ಹದ ಸಿಗಲಿಲ್ಲ. ಮೊದಲ ವಾರವೇ ಹನಿಯು 'ಚಂ' ಎನ್ನುವಷ್ಟರಲ್ಲಿ ಮಾಯವಾಗತೊಡಗಿತು. ಎಣ್ಣೆ ಎಷ್ಟು ಹರಿಯಬೇಕೆಂಬುದನ್ನು ಗೊತ್ತುಮಾಡುವ ಸಣ್ಣ ತಿರುಪೊಂದು ಎಂಜಿನ್ನಿನ ಪಕ್ಕದಲ್ಲಿತ್ತು. ಟಿಪ್ಪರ್ ಕಾದರೆ ಕಾಲು ಸಡಿಲಿಸಿ ಎಣ್ಣೆ ಕಡಿಮೆ ಮಾಡುವುದು ಚಾಲಕನಿಗೆ ರೂಢಿ. ಆ ರೂಢಿಯಂತೆ ಇವನು ತಿರುಪನ್ನು ಬಿಗಿದ. ಲಾರಿ ಇನ್ನಷ್ಟು ಕಿರುಚುತ್ತ ಓಡಿತು, ಇನ್ನಷ್ಟು ಕಾಯಿತು. ಮತ್ತೂ ಬಿಗಿದ. ಹೊಗೆಯೇ ಇಲ್ಲವಾಯಿತು, ಅಂಗಳದ ನಡುವೆ ನಿಂತುಹೋದ ಲಾರಿಯನ್ನು ಮುಟ್ಟಿದವನಿಗೆ ಬೆರಳಲ್ಲಿ ಬೊಬ್ಬೆ ಎದ್ದಿತು.

ಸಾಬಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಏನ್ ಮಾಡಿದ್ರಿ ಅದಕ್ಕ?"

"ಭಾಳ ಕಾಯಾಕತ್ತದ. ಅದಕ್ಕ ಎಣ್ಣಿ ಕಮ್ಮಿ ಮಾಡೀನಿ."

"ಅಯ್ಯ, ಉಪಾಸ ಕೆಡವಿದ್ರ ಯಾರರ ತಣ್ಣಗಿರ್ತಾರೇನ್ರಿ? ಊಟ ಒಂದು ತಾಸು ತಡ ಆದ್ರ ನೀವಽ ಮನಿ ಹೊತ್ತಿಸಿಬಿಡ್ತೀರಿ!"

ಅವಳು ಆಡಿದ್ದು ಗಂಡನ ಸಿಟ್ಟಿನ ಬಗೆಗಿನ ಮಾತು. ಎಂಜಿನ್ನಿನ ಗೊಡವೆ ಅವಳಿಗೆ ಬೇಕಿರಲಿಲ್ಲ. ದೇವಿಂದ್ರಪ್ಪನಿಗೆ ರೇಗಿತು. ಆದರೆ ಬೊಬ್ಬೆಗೆ ಬೆಣ್ಣೆ ಹಚ್ಚಿಕೊಂಡು ಕುಳಿತಾಗ, ಒಮ್ಮೆ ತಿರುವುಮುರುವು ಮಾಡಿ ನೋಡಿದರೆ ಕಳೆದುಕೊಳ್ಳುವುದೇನು ಎನ್ನಿಸಿತು. ಎಂಜಿನ್ ಆರಿದ ಮೇಲೆ ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿದ, ಮತ್ತೆ ಸಡಿಲಿಸಿದ. ನೀಲಿ ಹೊಗೆ ಎಳೆಯಾಗಿ ಹೊರಟಿತು, ಕಿರುಚಾಟ ಗುನುಗಾಯಿತು, ಹನಿ ತಾಯಿಯ ಹೆಸರಿಗೆ ಕಾದು ಆರಿತು. ಹೆಚ್ಚು ಹರಿದ ಎಣ್ಣೆಯೇ ಆ ಎಂಜಿನ್ನಿಗೆ ತಂಪು!

"ಏ ಸಾಬವ್ವಾ, ನೀ ಅಂದದ್ದು ಖರೇ ಆತು ನೋಡು! ಉಣಿಸಿದ್ರ ತಣ್ಣಗಾಗ್ತದ!"

"ಹಂಗಾರ ನಡೀರಿ, ನೀವೂ ಉಣ್ಣಾಕ," ಎಂದಳು ಅವಳು.

ಚಳಿಗಾಲದ ಮುಂಜಾವುಗಳಲ್ಲಿ ತೊಂದರೆ ಬೇರೆ ಬಗೆಯದಾಗಿತ್ತು. ಎಂಜಿನ್ ಕಾಯುತ್ತಲೇ ಇರಲಿಲ್ಲ. ಹನಿ ಮುತ್ತಿನಂತೆ ಕುಳಿತೇ ಇರುತ್ತಿತ್ತು. ಸಾಬಮ್ಮ ಹಳೆಯ ಕಂಬಳಿಯ ಚೂರಿನಲ್ಲಿ ಅದಕ್ಕೊಂದು ಕುಲಾವಿ ಹೊಲಿದುಕೊಟ್ಟಳು. ಎಳೆಗೂಸಿನಂತೆ ಕುಲಾವಿ ಕಟ್ಟಿಕೊಂಡು ಲಾರಿ ಎರಡು ಸುತ್ತು ಹೊಡೆದು ಬೆಚ್ಚಗಾದ ಮೇಲೆ ಅದನ್ನು ಬಿಚ್ಚುವುದು. ನೋಡಲು ಓಣಿಯ ಹೆಂಗಸರೆಲ್ಲ ಬರುತ್ತಿದ್ದರು. ಅನಸುಬಾಯಿ ಎಂಬ ಮುದುಕಿಯಂತೂ, "ದೃಷ್ಟಿ ಆದೀತವ್ವಾ, ಗಲ್ಲಕ್ಕೊಂದು ಕಾಡಿಗಿ ಬೊಟ್ಟು ಇಡ್ರಿ," ಎಂದಳು.

ಮಹಾನವಮಿ ಬಂತು. ಗಣಿಯ ಅಂಗಳದಲ್ಲಿ ಖಂಡೆ ಪೂಜೆ, ಎಂದರೆ ಆಯುಧಪೂಜೆ. ಟಿಪ್ಪರುಗಳೆಲ್ಲ ಮಿಂದು, ಚೆಂಡುಹೂವಿನ ಹಾರ ಹಾಕಿಕೊಂಡು, ಗಾಲಿಯ ಕೆಳಗೆ ಲಿಂಬೆಹಣ್ಣು ಇರಿಸಿಕೊಂಡು ಸಾಲಾಗಿ ನಿಂತಿದ್ದವು. ಅರುಣಕುಮಾರ ಸಾಹೇಬರು ಬಂದಿದ್ದರು. ನರಸಿಂಹ ಮಾಸ್ತರರನ್ನೂ ದೇವಿಂದ್ರಪ್ಪ ಕರೆದಿದ್ದ. ಟಿಪ್ಪರುಗಳ ಸಾಲಿನ ಕೊನೆಯಲ್ಲಿ ಕೆಂಪು ಲಾರಿಯೂ ಪೂಜೆಗೆ ನಿಂತಿತ್ತು. ದೇವಿಂದ್ರಪ್ಪ ನಸುಕಿನಲ್ಲೇ ಎದ್ದು, ತನ್ನ ಕೈಯಾರ ಅದನ್ನು ತೊಳೆದು ಸಿಂಗರಿಸಿದ್ದ. ಈಬತ್ತಿಯನ್ನು, ಎಂದರೆ ವಿಭೂತಿಯನ್ನು, ನೀರಲ್ಲಿ ಗಟ್ಟಿಯಾಗಿ ಕಲಸಿ, ಎಂಜಿನ್ನಿನ ತಲೆಗೆ ಮೂರು ಬೆರಳಿನಿಂದ ದಪ್ಪನಾಗಿ ಬಳಿದಿದ್ದ.

ಕಾಯಿ ಒಡೆದಾಯಿತು. ಟಾಕಿ ತುಂಬಿಸಿ ಲಾರಿಯನ್ನು ಅಂಗಳಕ್ಕೆ ಬಿಟ್ಟ. ಅದು ಟಿಪ್ಪರಿನ ಗಾಲಿಗಳ ಸಂದಿಯಲ್ಲಿ ನುಸುಳಿ, ಕಲ್ಲಿನ ರಾಶಿಯನ್ನು ಬಳಸಿ, ನೆಗೆದು, ತಿರುಗಿ ಓಡಿತು. ಜನ ಸೀಟಿ ಹೊಡೆದರು. ಮುಕ್ಕಾಲು ಟಾಕಿ ಮುಗಿದಿರಬಹುದು, ದೇವಿಂದ್ರಪ್ಪನ ಕಿವಿ ನಿಮಿರಿತು. ಗುನುಗು ಹೋಗಿ ಕಿರುಚು ಹತ್ತಿತ್ತು. ಹೊಗೆಯ ಎಳೆ ತೆಳ್ಳಗಾಗಿತ್ತು. ಲಾರಿಯನ್ನು ಹತ್ತಿರ ತಂದು, ಎಂಜಿನ್ ಆರಿಸದೆಯೇ ಹನಿ ಬಿಟ್ಟ. ಬಾಯಿ ತೆರೆಯುವ ಮೊದಲೇ ಹನಿ ಇಲ್ಲ.

"ಆರಿಸಿದಿ ಅಂದ್ರ ಶರತ್ತು ಹೋತು ನೋಡಪಾ," ಎಂದು ದಸ್ತಗೀರ ದೂರದಿಂದ ಕೂಗಿದ.

"ಓಡ್ಸಲೇ, ಇನ್ನೇನು ಮುಗೀತು!" ಎಂದರು ಜೊತೆಗಾರರು.

ಇನ್ನು ನಾಲ್ಕಾರು ಸುತ್ತು ಓಡಿದರೆ ಚಾವಿ ತನ್ನದು. ಓಡದಿದ್ದರೆ ಮತ್ತೆ ನೀರಿನ ಪೈಪು, ಮತ್ತೆ ಅದೇ ಹೆಸರು. ಗುಂಪಿನ ಅಂಚಿನಲ್ಲಿ ಸಾಬಮ್ಮ ಸೆರಗು ಬಿಗಿಹಿಡಿದು ನಿಂತಿದ್ದಳು. ದೇವಿಂದ್ರಪ್ಪ ಅವಳ ಮುಖ ನೋಡಿದ, ಲಾರಿಯ ಕಡೆ ನೋಡಿದ. ಹೆಗಲ ಮೇಲಿನ ಟವೆಲನ್ನು ಮುದ್ದೆ ಮಾಡಿ ಹೊಗೆಯ ಬಾಯಿಗೆ ಒತ್ತಿದ. ಎಂಜಿನ್ ಕೆಮ್ಮಿ ಸುಮ್ಮನಾಯಿತು.

"ಅಂಜಿದ, ಅಂಜಿದ!" ಎಂದು ಒಬ್ಬ ನಕ್ಕ. ಉಳಿದವರು ನಗಲಿಲ್ಲ. ದಸ್ತಗೀರ ದಾಪುಗಾಲು ಹಾಕುತ್ತ ಬಂದು, ಬಗ್ಗಿ ನೋಡಿದ.

"ಯಾಕ ಆರಿಸಿದಿ?"

"ಸುಡ್ತಿತ್ತು, ಉಸ್ತಾದ್. ಸಾಹೇಬ್ರ ಇಂಜಿನ್ ಅದು. ಚಾವಿ ಹೋದ್ರ ಹೋಗ್ಲಿ."

"ಇದೇನಲೇ ಇದು?" ದಸ್ತಗೀರ ಬೆರಳು ಮಾಡಿದ. ಎಂಜಿನ್ನಿನ ತಲೆಯಲ್ಲಿ ಬಾಚಣಿಗೆಯ ಹಲ್ಲಿನಂಥ ಪಟ್ಟಿಗಳಿರುತ್ತವೆ. ಅವುಗಳ ನಡುವೆ ಗಾಳಿಯಾಡಿದರೆ ತಾನೆ ಕಾವು ಇಳಿಯುವುದು. ಆ ಸಂದುಗಳೆಲ್ಲ ಒಣಗಿ ಗಟ್ಟಿಯಾದ ಈಬತ್ತಿಯಿಂದ ಗಾರೆ ಹಾಕಿದಂತೆ ಮುಚ್ಚಿಹೋಗಿದ್ದವು. "ಯಾ ಅಲ್ಲಾ! ಭಕ್ತಿ ಮಾಡಿ ಉಸುರು ಕಟ್ಟಿಸೀಯಲ್ಲೋ ಮಾರಾಯಾ!"

ದಸ್ತಗೀರ ನಕ್ಕ ನಗುವಿಗೆ ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟ. ಸಾಹೇಬರು ನಕ್ಕರು, ಮಾಸ್ತರರು ನಕ್ಕರು. ಕೊನೆಗೆ ದೇವಿಂದ್ರಪ್ಪನಿಗೂ ನಗು ತಡೆಯಲಾಗಲಿಲ್ಲ. ಎಂಜಿನ್ ಆರಿದ ಮೇಲೆ ಯಾರೋ ಹಳೆಯ ಹಲ್ಲುಜ್ಜುವ ಬ್ರಷ್ ತಂದುಕೊಟ್ಟರು. ಸಂದುಸಂದು ತಿಕ್ಕಿ ತೆಗೆದು, ಮತ್ತೆ ಎಂಜಿನ್ ಚಾಲೂ ಮಾಡುವ ಹಗ್ಗ ಎಳೆದು ಬಿಟ್ಟರೆ, ಲಾರಿ ಉಳಿದ ಎಣ್ಣೆಯ ಕೊನೆಯ ಗುಟುಕಿನವರೆಗೂ ಗುನುಗುತ್ತ ಓಡಿತು.

ಜನ ಚದುರುವಾಗ ದಸ್ತಗೀರ ಜೇಬಿನಿಂದ ಚಾವಿಯೊಂದನ್ನು ತೆಗೆದು ದೇವಿಂದ್ರಪ್ಪನ ಅಂಗೈಯಲ್ಲಿಟ್ಟ. "ನಿಲ್ಲಿಸಬೇಕಾದಾಗ ನಿಲ್ಲಿಸೋದು ಕಲತೀದಿ. ನಾಳಿಂದ ಏಳನೇ ನಂಬರ್ ಗಾಡಿ ನಿಂದು. ಆದ್ರ ಖಬರದಾರ್, ಅದರ ರೇಡಿಯೇಟರಿಗಿ ಈಬತ್ತಿ ಹಚ್ಚಬ್ಯಾಡ!"

ಕೆಂಪು ಲಾರಿ ಸಾಹೇಬರ ಜೊತೆ ಹೊರಟುಹೋಯಿತು. ದೇವಿಂದ್ರಪ್ಪ ಏಳನೇ ನಂಬರಿನ ಗಾಡಿಯನ್ನು ವರ್ಷಗಟ್ಟಲೆ ಓಡಿಸಿದ. ಎಂದೂ ಮೊದಲಿಗನಾಗಿ ಕಲ್ಲು ಸುರಿಯಲಿಲ್ಲ, ಎಂದೂ ದಾರಿಯಲ್ಲಿ ಗಾಡಿ ಕೆಡಿಸಿಕೊಂಡು ನಿಲ್ಲಲಿಲ್ಲ.

ಈಚೆಗೆ ಮೊಣಕಾಲು ನೋವೆಂದು ಟಿಪ್ಪರ್ ಬಿಟ್ಟು, ಚಿತ್ತಾಪುರದ ರಸ್ತೆಯಲ್ಲಿ ತಗಡಿನ ಚಪ್ಪರ ಹಾಕಿಕೊಂಡು ರೇಡಿಯೇಟರ್ ದುರಸ್ತಿ ಮಾಡುತ್ತಾನೆ. ತೊಗರಿಯ ಸುಗ್ಗಿಯಲ್ಲಿ ಅವನಿಗೆ ಕೈತುಂಬ ಕೆಲಸ. ರಾಶಿ ಮಾಡುವ ಯಂತ್ರಗಳ ರೇಡಿಯೇಟರಿನಲ್ಲಿ ತೊಗರಿಯ ಹೊಟ್ಟು ಗಿಡಿದು, ಎಂಜಿನ್ ಕಾದು, ಮಾಲೀಕರು ಬೆವರುತ್ತ ಓಡಿಬರುತ್ತಾರೆ. ಮೊನ್ನೆ ಮಾಸ್ತರರು ಆ ದಾರಿಯಲ್ಲಿ ಹೋದಾಗ ಸೇಡಂ ಕಡೆಯವರೊಬ್ಬರು ಹೊಲದಲ್ಲಿ ರಾಶಿ ಅರ್ಧಕ್ಕೆ ನಿಂತಿದೆ ಎಂದು ಅವಸರಿಸುತ್ತಿದ್ದರು. ದೇವಿಂದ್ರಪ್ಪ ಅವರಿಗೆ ಕೂರಲು ಬೆಂಚು ತೋರಿಸಿ, ಒಳಗಿದ್ದ ಸಾಬಮ್ಮನಿಗೆ ಚಹಾ ಇಡಲು ಕೂಗಿದ.

"ಕುಂದ್ರಿ ಗೌಡ್ರ. ಈಗ ಮುಚ್ಚಳ ಬಿಚ್ಚಿದ್ರ ನಿಮಗೂ ಸುಡ್ತದ, ನನಗೂ ಸುಡ್ತದ. ಮೊದಲ ಅದು ತಣ್ಣಗಾಗ್ಲಿ."