ದನಿಯ ಜಾಗದಲ್ಲಿ ಕಂಡ ಅಕ್ಷರಗಳು

ನಮ್ಮ ಮನೆಯವರು ಹಿರಿಯೂರಿನ ಒಂದು ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುತ್ತಾರೆ. ನಲವತ್ತು ದಾಟಿದ ಮೇಲೆ ಅವರ ಕಣ್ಣು ಅಂಚಿನಿಂದ ಒಳಕ್ಕೆ ಕತ್ತಲಾಗುತ್ತ ಬಂತು. ದಾವಣಗೆರೆ, ಬೆಂಗಳೂರು ಎಲ್ಲ ಕಡೆ ತೋರಿಸಿದೆವು. ನರ ಒಣಗಿದೆ, ಹೋದ ದೃಷ್ಟಿಯನ್ನು ವಾಪಸ್ ತರಲಾಗುವುದಿಲ್ಲ ಎಂದರು. ಕೊನೆಗೆ ಕಿಟಕಿ ತೆರೆದಿದೆಯೋ ಮುಚ್ಚಿದೆಯೋ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿಯಿತು. ಆದರೂ ಅವರು ಕೆಲಸ ಬಿಡಲಿಲ್ಲ. ಬಿಡದಂತೆ ನೋಡಿಕೊಂಡದ್ದು ನಮ್ಮ ನಡುಮನೆಯ ಕಂಪ್ಯೂಟರ್.

ಪರದೆಯ ಮೇಲಿರುವುದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದುವ ತಂತ್ರಾಂಶವೊಂದನ್ನು ಅವರ ಗೆಳೆಯರೊಬ್ಬರು ಹಾಕಿಕೊಟ್ಟಿದ್ದರು. ಅದರದು ಗಂಡಸಿನ ದನಿ. ನೆಗಡಿಯಾದವರಂತೆ ಮೂಗಿನಲ್ಲೇ ಮಾತಾಡುತ್ತಿತ್ತು. ನನಗೆ ಮೊದಮೊದಲು ನಗು ಬರುತ್ತಿತ್ತು. ಅವರು ಮಾತ್ರ ಅದನ್ನು ಪಳಗಿಸಿಕೊಂಡರು. ಪಕ್ಕದ ಊರು ಐಮಂಗಲದ ಹೆಸರು ಬರೆದಿದ್ದರೆ ಅದು ‘ಐ’ ಎಂದು ಯಾರನ್ನೋ ಗದರಿಸಿ, ತಡೆದು, ಆಮೇಲೆ ‘ಮಂಗಲ’ ಎನ್ನುತ್ತಿತ್ತು. ಅಂಥ ಮಾತು ಕಿವಿಗೆ ಬಿದ್ದಾಗಲೆಲ್ಲ ಅದನ್ನು ಹೇಗೆ ಹೇಳಬೇಕೆಂದು ಟೈಪ್ ಮಾಡಿ ಕಲಿಸುತ್ತಿದ್ದರು. ರಾಜರ ಹೆಸರು, ಶಾಸನದ ಮಾತು, ತರಗತಿಯ ಮಕ್ಕಳ ಹೆಸರು, ಎಲ್ಲವನ್ನೂ ವರ್ಷಗಟ್ಟಲೆ ಹಾಗೆ ಕಲಿಸಿದರು.

ಒಂದು ಬೆಳಿಗ್ಗೆ ಕಂಪ್ಯೂಟರ್ ಅಪ್‌ಡೇಟ್ ಆಗುತ್ತಿರುವಾಗಲೇ ಕರೆಂಟ್ ಹೋಯಿತು. ಬಂದ ಮೇಲೆ ಮತ್ತೆ ಆನ್ ಮಾಡಿದರೆ ಪರದೆ ಬಂತು, ದನಿ ಬರಲಿಲ್ಲ. ಅವರು ಕೀಲಿಗಳನ್ನು ಒತ್ತಿ ಕಿವಿಗೊಟ್ಟರು, ಮತ್ತೆ ಒತ್ತಿದರು. ಹೊಲಿಗೆ ಮೆಷಿನ್ ಮುಂದೆ ಕುಳಿತಿದ್ದ ನನ್ನನ್ನು ಕರೆದರು.

“ಏನೇ, ಇಲ್ಲಿ ಬಾ. ಇದು ಮಾತಾಡ್ತಿಲ್ಲ ನೋಡು.”

ಸ್ಪೀಕರ್ ಸರಿಯಾಗಿತ್ತು. ಬಸ್ ಸ್ಟ್ಯಾಂಡ್ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ಭಾಯಿಗೆ ಫೋನ್ ಮಾಡಿದೆ. ಅವರು ಹೊಸದುರ್ಗದಲ್ಲಿದ್ದರು.

“ಬರಾದು ಸಾಯಂಕಾಲ ಆಗುತ್ತಕ್ಕ. ಅಷ್ಟರಾಗ ರಿಜಿಸ್ಟ್ರಿ ತೆಗೆದು ನೋಡಾಣ. ನಾನ್ ಹೇಳ್ದಂಗೆ ಮಾಡ್ರಿ. ಏನನ್ನೂ ಅಳಿಸ್ಬ್ಯಾಡ್ರಿ ಮತ್ತೆ.”

ರಿಜಿಸ್ಟ್ರಿ ಎಂದರೆ ಕಂಪ್ಯೂಟರ್ ತನ್ನ ಎಲ್ಲ ವ್ಯವಸ್ಥೆಯ ವಿವರಗಳನ್ನು ಇಟ್ಟುಕೊಳ್ಳುವ ಜಾಗವೆಂದು ನನಗೆ ತಿಳಿದದ್ದು ಅವತ್ತೇ. ಎಡಗಡೆ ಹಳದಿ ಫೋಲ್ಡರುಗಳು ಒಂದರೊಳಗೊಂದು ತೆರೆದುಕೊಳ್ಳುತ್ತ ಹೋದವು. ನಾನು ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದುತ್ತಿದ್ದೆ, ಭಾಯಿ ‘ಹೂಂ, ಅದರೊಳಗೆ ಹೋಗ್ರಿ’ ಎನ್ನುತ್ತಿದ್ದರು. ಕೊನೆಗೆ ದನಿಯ ಹೆಸರು ಇರಬೇಕಾದ ಜಾಗಕ್ಕೆ ಬಂದೆ. ಅಲ್ಲಿ ಹೆಸರಿರಲಿಲ್ಲ. ಚೀನಾ ಲಿಪಿಯಂಥ ಗುರುತುಗಳು, ನಡುನಡುವೆ ಖಾಲಿ ಚೌಕಗಳು, ಪ್ರಶ್ನೆ ಚಿಹ್ನೆಗಳು, ತಲೆಯ ಮೇಲೆ ಚುಕ್ಕಿ ಹೊತ್ತ ಯಾವುದೋ ಅಕ್ಷರಗಳು. ಕೆಳಗೆ ಹೋದಷ್ಟೂ ಅವೇ.

ಮನೆಯವರು ನನ್ನ ಭುಜ ಹಿಡಿದು ಪಕ್ಕದಲ್ಲೇ ನಿಂತಿದ್ದರು.

“ಏನ್ ಬರ್ದೈತೆ? ಓದು.”

“ಓದಾಕೆ ಆಗ್ತಿಲ್ರಿ.”

“ಒಂದೊಂದೇ ಅಕ್ಷರ ಹೇಳು.”

“ಅಕ್ಷರಾನೇ ಅಲ್ಲ ಅವು. ಏನಂತ ಹೇಳ್ಲಿ?”

“ಹಂಗಾದ್ರೆ ನಿಂಗೂ ಕಾಣ್ತಿಲ್ಲ ಅನ್ನು,” ಎಂದರು. ತಮಾಷೆಗೆಂದೇ ಹೇಳಿದ್ದು. ಆದರೆ ನನ್ನ ಭುಜ ಬಿಡಲಿಲ್ಲ.

ಅವರು ಶಾಲೆಗೆ ಹೋದ ಮೇಲೆ ನಾನು ಸುಮ್ಮನಿರಲಾರದೆ ಆ ಗುರುತುಗಳ ಫೋಟೊ ತೆಗೆದು ಮೊಬೈಲಿನಲ್ಲಿ ಅನುವಾದಕ್ಕೆ ಹಾಕಿದೆ. ಒಮ್ಮೆ ‘ಬಾಗಿಲು’ ಎಂದಿತು. ಇನ್ನೊಂದು ಫೋಟೊಗೆ ‘ಒದ್ದೆ ಉಣ್ಣೆ’ ಎಂದಿತು. ಅದರಲ್ಲೇ ಏನೋ ಸುಳಿವಿದೆ ಎಂಬಂತೆ ಬಾಗಿಲು, ಉಣ್ಣೆ ಎಂದು ಯೋಚಿಸುತ್ತ ಕುಳಿತೆ. ಅನ್ನ ತಳ ಹಿಡಿಯಿತು. ಪಕ್ಕದ ಮನೆಯಾಕೆ ಬಂದು ನೋಡಿ, “ಚೀನಾದವ್ರು ಒಳಕ್ಕೆ ಬಂದವ್ರೆ ಕಣಕ್ಕ, ಮೊದ್ಲು ವೈರ್ ಕಿತ್ತಾಕು,” ಎಂದು ಹೆದರಿಸಿ ಹೋದಳು. ನಾನು ನಿಜಕ್ಕೂ ವೈರ್ ಕಿತ್ತುಬಿಟ್ಟೆ.

ಸಾಯಂಕಾಲ ಭಾಯಿ ಬಂದರು. ಬಹಳ ಹೊತ್ತು ನೋಡಿದರು.

“ಚೀನಾನೂ ಇಲ್ಲ, ವೈರಸ್ಸೂ ಇಲ್ಲಕ್ಕ. ಬರೀತಿರ್ಬೇಕಾದ್ರೆ ಕರೆಂಟ್ ಹೋಗೈತೆ. ಅರ್ಧ ಬರ್ದಿದ್ದು ಕಲಸಿಹೋಗೈತೆ. ಇದಕ್ಕೆ ಅರ್ಥ ಅನ್ನಾದೇ ಇಲ್ಲ.”

“ಮೊದ್ಲು ಏನಿತ್ತೋ ಅದನ್ನ ತಿರುಗಿ ತರಾಕೆ ಬರಲ್ವಾ ಭಾಯಿ?” ಎಂದು ಮನೆಯವರು ಕೇಳಿದರು.

“ನನ್ ಕೈಲಂತೂ ಆಗಲ್ಲ ಮೇಷ್ಟ್ರೆ. ದುರ್ಗದಾಗ ದೊಡ್ಡ ಅಂಗಡಿ ಐತೆ, ತೋರಿಸ್ರಿ. ಅವ್ರೂ ಆಗುತ್ತೆ ಅಂತಾರೆ ಅಂತ ನಾನ್ ಹೇಳಲ್ಲ.”

ಭಾನುವಾರ ಕಂಪ್ಯೂಟರಿನ ಡಬ್ಬವನ್ನು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಇಬ್ಬರೂ ಚಿತ್ರದುರ್ಗದ ಬಸ್ಸು ಹತ್ತಿದೆವು. ಅವರು ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಹೆದ್ದಾರಿಯ ಉಬ್ಬು ಬಂದಾಗಲೆಲ್ಲ ಎರಡೂ ಕೈಯಲ್ಲಿ ತಬ್ಬಿ ಹಿಡಿಯುತ್ತಿದ್ದರು. ಅಂಗಡಿಯಾತ ಒಳಗೆ ತೆಗೆದುಕೊಂಡು ಹೋದ. ನಾವು ಮೆಟ್ಟಿಲ ಮೇಲೆ ಕುಳಿತೆವು. ಮಧ್ಯಾಹ್ನ ಕಳೆದ ಮೇಲೆ ಬಂದು, ಎಲ್ಲ ಅಳಿಸಿ ಹೊಸದಾಗಿ ಹಾಕುವುದು ಬಿಟ್ಟು ಬೇರೆ ದಾರಿಯಿಲ್ಲ ಎಂದ. ಪಾಠದ ಫೈಲುಗಳು ಉಳಿಯುತ್ತವೆ. ಕಲಿಸಿದ ಮಾತುಗಳು ಉಳಿಯುವುದಿಲ್ಲ, ಅವೂ ಹಾಗೇ ಕೆಟ್ಟಿವೆ. ಆ ಹಳೆಯ ದನಿ ಹೊಸ ವಿಂಡೋಸಿಗೆ ಹೊಂದುವುದೂ ಇಲ್ಲ.

“ಆಯ್ತಪ್ಪ, ಹಾಕಿಬಿಡು,” ಎಂದರು ಇವರು. ನಾನು ಅವರ ಮುಖ ನೋಡಲಿಲ್ಲ.

ಹೊಸ ದನಿ ಹೆಂಗಸಿನದು. ಸ್ಪಷ್ಟವಾಗಿ, ಇಂಪಾಗಿ, ರೈಲು ಬರುವುದನ್ನು ಸಾರುವವಳ ಹಾಗೆ ಮಾತಾಡುತ್ತಿತ್ತು. ಅವರು ಎರಡು ಸಾಲು ಕೇಳಿ ನಿಲ್ಲಿಸಿದರು. ಕೆಲವು ದಿನ ಪಾಠದ ಪುಸ್ತಕವನ್ನು ನಾನೇ ಓದಿ ಹೇಳಿದೆ. ಕೆಲಸ ಬೇಗ ಮುಗಿಸಿ ಪಕ್ಕದಲ್ಲಿ ಕುಳಿತು, ಆದಷ್ಟು ಬಿಡಿಸಿ ಬಿಡಿಸಿ ಓದುತ್ತಿದ್ದೆ. ಒಂದು ದಿನ ಅವರು ನನ್ನ ಕೈ ಮೇಲೆ ಕೈಯಿಟ್ಟು ತಡೆದರು.

“ಬೇಜಾರು ಮಾಡ್ಕಬ್ಯಾಡ. ನೀನು ಓದಿದ್ರೆ ನಿಂಗೆ ಸುಸ್ತಾತೇನೋ, ಕೆಲ್ಸ ಕೆಡ್ತೇನೋ ಅಂತ ಅದೇ ಕೇಳ್ತೈತೆ ನಂಗೆ. ಪಾಠ ಕಿವಿಗೆ ಬೀಳಲ್ಲ. ಆ ಹಳೇ ದನಿ ಮುಂದೆ ಹಂಗಿರ್ಲಿಲ್ಲ. ಅದು ಮಿಷಿನ್ನು. ನಾನೊಬ್ನೇ ಓದ್ದಂಗೆ ಇರ್ತಿತ್ತು.”

ಪುಸ್ತಕ ಮುಚ್ಚಿ ಎದ್ದೆ. ಹೊಲಿಗೆ ಮೆಷಿನ್ ಮುಂದೆ ಕುಳಿತರೂ ಕಾಲು ಆಡಲಿಲ್ಲ.

ಈಗ ಅವರು ಆ ಹೊಸ ದನಿಯನ್ನೇ ಕೇಳುತ್ತಾರೆ. ಸ್ಪೀಕರಿನಲ್ಲಿ ಕೇಳಲು ಮನಸ್ಸಿಲ್ಲವೆಂದು ಇಯರ್‌ಫೋನ್ ತರಿಸಿಕೊಂಡಿದ್ದಾರೆ. ಮುಖ ಗೋಡೆಯ ಕಡೆ ಮಾಡಿಕೊಂಡು ಕೂರುತ್ತಾರೆ. ಆಗಾಗ ಬೆರಳು ನಿಲ್ಲುತ್ತದೆ, ಹುಬ್ಬು ಗಂಟಿಕ್ಕುತ್ತದೆ. ಯಾವುದೋ ಹೆಸರನ್ನು ಅದು ತಪ್ಪು ಹೇಳಿರಬೇಕು. ಏನೆಂದು ಹೋಗಿ ಕೇಳೋಣ ಅನ್ನಿಸುತ್ತದೆ. ಕರೆದರೆ ಅವರಿಗೆ ಕೇಳಿಸುವುದಿಲ್ಲ, ಮುಟ್ಟಿದರೆ ಬೆಚ್ಚಿಬೀಳುತ್ತಾರೆ. ಕಾಫಿ ಲೋಟವನ್ನು ಅವರ ಕೈಗೆ ಸಿಗುವ ಕಡೆ ಇಟ್ಟು, ಶಬ್ದವಾಗದಂತೆ ಈಚೆ ಬಂದುಬಿಡುತ್ತೇನೆ.