ಆಯಿಯ ಎಲುಬಿನ ಸಾರು

ತೊಂಬತ್ತರ ದಶಕದಲ್ಲಿ ನನಗೆ ಮುನವಳ್ಳಿಯ ಶಾಲೆಗೆ ವರ್ಗವಾಗಿತ್ತು. ಒಂಟಿ ಮನುಷ್ಯ. ಆ ಬೀದಿಯಲ್ಲಿ "ಉಂಡ್ರೇನ್ರಿ ಮಾಸ್ತರ?" ಎಂದು ಕೇಳುತ್ತಿದ್ದವರು ಪಕ್ಕದ ಮನೆಯ ಮುದುಕಿಯೊಬ್ಬರೇ. ಅವರನ್ನು ಆಯಿ ಎನ್ನುತ್ತಿದ್ದೆ. ಗಂಡ ತೀರಿಕೊಂಡ ಮೇಲೆ ಅವರು ರಾಮದುರ್ಗದ ಮಗಳ ಮನೆಗೆ ಹೋಗುವುದೆಂದಾಯಿತು. ಅಳಿಯನಿಗೆ ನಾಯಿ ಕಂಡರಾಗದು. ಹಾಗಾಗಿ ಅವರ ಕರಿನಾಯಿ ನನ್ನ ಪಾಲಿಗೆ ಬಂತು.

ಎಲುಬಿನ ಸಾರು ಉಂಡು ಬೆಳೆದ ನಾಯಿ ಅದು. ನಮ್ಮದೋ ಲಿಂಗ ಕಟ್ಟಿದ ಮನೆತನ, ಮೊಟ್ಟೆಯೂ ಹೊಸ್ತಿಲು ದಾಟುವಂತಿಲ್ಲ. ಅಂದು ಮಠದಿಂದ ತಂದಿದ್ದ ಗೋಧಿ ಹುಗ್ಗಿಗೆ ತುಪ್ಪ ಸುರಿದು ಭಕ್ತಿಯಿಂದ ಬಡಿಸಿದೆ. ಬೆಳಗಾಗುವಷ್ಟರಲ್ಲಿ ಅಂಗಳವೆಲ್ಲ ರಾಡಿ.

"ನಾಯಿ ಹೊಟ್ಟ್ಯಾಗ ತುಪ್ಪ ನಿಂದರತೈತೇನ್ರಿ ಮಾಸ್ತರ?" ಆಯಿ ಸೆರಗು ಮೂಗಿಗೆ ಹಿಡಿದು ನಕ್ಕರು. "ಒಮ್ಮಿಂದೊಮ್ಮೆ ಬದಲ ಮಾಡಬಾರದು. ಇವತ್ತ ಒಪ್ಪತ್ತು ಬರೇ ನೀರು ಇಡ್ರಿ. ನಾಳಿಂದ ನನ್ನ ಸಾರಿನ್ಯಾಗ ನಿಮ್ಮ ನುಚ್ಚು ಒಂದ್ ಹಿಡಿ ಕಲಸೂಣ. ಸಾವಕಾಶ ನುಚ್ಚು ಹೆಚ್ಚ ಮಾಡಿ ಸಾರು ಕಡಿಮಿ ಮಾಡೂಣ. ಅದರ ಹೊಟ್ಟಿ ಹೊಂದೂತನಕಾ ನಾ ಊರು ಬಿಡೂದಿಲ್ಲ."

ಅಂದಿನಿಂದ ಸಂಜೆಯಾದರೆ ಆಯಿ ಸಾರಿನ ತಂಬಿಗೆ ಹಿಡಿದು ಬರುತ್ತಿದ್ದರು. ನಾನು ಜೋಳದ ನುಚ್ಚು ಕುದಿಸಿ ಆರಿಸಿರುತ್ತಿದ್ದೆ. ಕಲಸುವುದೆಲ್ಲ ಹೊರಗಿನ ಕಟ್ಟೆಯ ಮೇಲೆ. ತಂಬಿಗೆ ಒಳಗೆ ಬರಬಾರದೆಂದು ನಾನು ಹೇಳದೆಯೇ ಅವರಿಗೆ ಗೊತ್ತಿತ್ತು. ನಾಯಿ ತಿಂದು ಮುಗಿಸುವವರೆಗೆ ಮಾತು: ಮಲಪ್ರಭೆಯ ನೀರು, ಬೀದಿಯ ಜಗಳ, ನನಗೆ ಕೂಡಿಬರದ ಮದುವೆ. ಇಡೀ ದಿನದಲ್ಲಿ ನಾನು ಬಾಯಿತುಂಬ ನಗುತ್ತಿದ್ದದ್ದು ಆಗ ಮಾತ್ರ.

ಸಾರು ತಂಬಿಗೆಯಿಂದ ಬಟ್ಟಲಿಗೆ, ಬಟ್ಟಲಿನಿಂದ ಚಮಚೆಗೆ ಇಳಿಯಿತು. ನಾಯಿಯ ಹೊಟ್ಟೆ ಸರಿಯಾಗುತ್ತ ಬಂದಂತೆ ಆಯಿ ಹೊರಡುವ ದಿನವೂ ಹತ್ತಿರವಾಯಿತು. ಬೆಳಗ್ಗೆ ಎದ್ದು, ನಾಯಿಯ ಹೇಲು ಗಟ್ಟಿಯಾಗಿದೆಯೆಂದು ದುಃಖಪಟ್ಟವನು ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಒಂದು ಸಂಜೆ ಆಯಿ ಬರಿಗೈಯಲ್ಲಿ ಬಂದರು. ಬರೀ ನುಚ್ಚು, ಮಜ್ಜಿಗೆ ಹಾಕಿದೆ. ನಾಯಿ ತಟ್ಟೆ ನೆಕ್ಕಿತು.

"ಹೊಂದಿತಲ್ರಿ," ಎಂದರು. "ನಾಳಿ ಮುಂಜಾನಿ ಬಸ್ಸಿಗೆ ಹೊಂಡತೇನಿ."

"ಇನ್ನೊಂದೆರಡ ದಿನ ನೋಡೂಣಲ್ಲ, ಆಯಿ," ಎಂದೆ.

ಅವರು ನಾಯಿಯ ತಲೆ ಸವರಿದರು, ನನ್ನ ಮುಖ ನೋಡಲಿಲ್ಲ. "ಅದಕ್ಕೇನೂ ಆಗೂದಿಲ್ರಿ. ನೀವು ಹೊತ್ತಿಗೆ ಸರಿಯಾಗಿ ಉಣ್ರಿ."

ಮರುದಿನ ಸಂಜೆ ನುಚ್ಚು ಕುದಿಸಿ ಕಟ್ಟೆಗೆ ತಂದೆ. ನಾಯಿ ಉಂಡು ಮಲಗಿತು. ಉಂಡಿರಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ನಾಯಿಗೆ ಸಾರನ್ನು ಚೂರುಚೂರೇ ಬಿಡಿಸಿದ ಆಯಿ, ನನ್ನನ್ನು ಒಮ್ಮೆಲೇ ಬಿಟ್ಟುಹೋಗಿದ್ದರು.