ಹತ್ತು ಎಣಿಸುವವರೆಗೆ

ಆ ಬೀದಿಯವರಿಗೆಲ್ಲ ಅವಳು ಬ್ಯಾಗಕ್ಕ. ಹೆಗಲಿಗೊಂದು ದೊಡ್ಡ ಬ್ಯಾಗು ನೇತುಹಾಕಿಕೊಂಡು ಮೆಟ್ಟಿಲು ಹತ್ತಿ ಬರುವವಳನ್ನು ಕಂಡು, ಸೋಪಿನ ಪುಡಿ ಮಾರುವವಳೆಂದು ಬಾಗಿಲು ಹಾಕಿಕೊಂಡವರೂ ಇದ್ದಾರೆ. ಬ್ಯಾಗಿನಲ್ಲಿರುವುದು ಗಿಲಕಿ, ಪುಟ್ಟ ಗಂಟೆ, ಬಣ್ಣದ ಚೆಂಡು, ದಪ್ಪ ಹಿಡಿಯ ಚಮಚ, ಒಂದು ಫೈಲು. ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಮಕ್ಕಳ ಮನೆಗೆ ವಾರಕ್ಕೊಮ್ಮೆ ಹೋಗಿ, ಕತ್ತು ನಿಲ್ಲಿಸುವುದು, ನುಂಗುವುದು, ಕೂರುವುದು ಇವನ್ನೆಲ್ಲ ಹೇಗೆ ಕಲಿಸಬೇಕೆಂದು ತಾಯಂದಿರಿಗೆ ತೋರಿಸಿಕೊಡುವುದು ಅವಳ ಕೆಲಸ. ಹತ್ತೊಂಬತ್ತು ವರ್ಷ ಇದನ್ನೇ ಮಾಡಿ ಮಂಡಿ ಸವೆದಿದೆ. ಆದರೂ ಕುರ್ಚಿ ಕೊಟ್ಟರೆ ಬೇಡವೆನ್ನುತ್ತಾಳೆ. ಮಗು ನೆಲದ ಮೇಲಿರುವಾಗ ಕುರ್ಚಿಯಲ್ಲಿ ಕೂತು ಉಪದೇಶ ಮಾಡುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತದೆ.

ಈ ಕೆಲಸಕ್ಕೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಮನೆಗೆ ಬಂದವಳ ಕೈ ಅವಳ ಮಡಿಲಲ್ಲೇ ಇರಬೇಕು. ಮಗುವನ್ನು ಹಿಡಿಯುವುದು ತಾಯಿಯ ಕೈ. ಯಾಕೆಂದರೆ ಇವಳು ಬರುವುದು ವಾರಕ್ಕೊಂದು ಗಂಟೆ, ಉಳಿದದ್ದೆಲ್ಲ ತಾಯಿಯ ಪಾಲು. ಹೊಸದಾಗಿ ಸೇರಿದ ಹುಡುಗಿಯರಿಗೆ ಈ ಪಾಠ ಹೇಳಿಕೊಡುತ್ತಿದ್ದವಳೂ ಬ್ಯಾಗಕ್ಕನೇ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ಅವಳು ಬಿದ್ದದ್ದು ಪುಟ್ಟಿಯ ಮನೆಯಲ್ಲಿ.

ಪುಟ್ಟಿಯ ಮನೆ ಎರಡನೇ ಮಹಡಿಯಲ್ಲಿ. ಒಂದು ಕೋಣೆ, ಒಂದು ಅಡುಗೆಮನೆ, ಕಿಟಕಿಯ ಪಕ್ಕ ಹೊಲಿಗೆ ಯಂತ್ರ. ಪುಟ್ಟಿಯ ತಾಯಿ ಮನೆಯಲ್ಲೇ ಕೂತು ಶಾಲೆಯ ಯೂನಿಫಾರಂ ಹೊಲಿಯುತ್ತಾಳೆ. ಊರಿನ ಮಕ್ಕಳೆಲ್ಲ ಅವಳ ಕೈಯ ಬಟ್ಟೆ ತೊಟ್ಟು ಶಾಲೆಗೆ ಹೋಗುತ್ತಾರೆ, ಅವಳ ಮಗಳೊಬ್ಬಳೇ ಚಾಪೆಯ ಮೇಲೆ ಮಲಗಿ ಸೂರು ನೋಡುತ್ತಾಳೆ. ಪುಟ್ಟಿಗೆ ನಗು ಬರುತ್ತದೆ, ಅಪ್ಪನ ಹೆಜ್ಜೆಯ ಸದ್ದು ಗೊತ್ತಾಗುತ್ತದೆ. ಬೆನ್ನು ಮಾತ್ರ ನಿಲ್ಲುವುದಿಲ್ಲ.

ಐದು ವರ್ಷ ತುಂಬಿದರೆ ಬ್ಯಾಗಕ್ಕನ ಭೇಟಿ ನಿಲ್ಲುತ್ತದೆ, ಅದು ಆಫೀಸಿನ ಲೆಕ್ಕ. ಆಮೇಲೆ ಇರುವುದು ಇಂಥ ಮಕ್ಕಳ ಶಾಲೆಯೊಂದೇ. ಅಲ್ಲಿ ಮಕ್ಕಳು ಜಾಸ್ತಿ, ನೋಡಿಕೊಳ್ಳುವವರು ಕಡಿಮೆ. ಹಾಗಾಗಿ ಹತ್ತು ಎಣಿಸುವವರೆಗೆ ಆಸರೆಯಿಲ್ಲದೆ ಕೂರುವ ಮಗುವನ್ನಷ್ಟೇ ಸೇರಿಸಿಕೊಳ್ಳುತ್ತಾರೆ. ಪುಟ್ಟಿಗೆ ಐದು ತುಂಬಲು ಮೂರು ತಿಂಗಳಿತ್ತು. ಶಾಲೆ ಸಿಕ್ಕರೆ ತಾಯಿಗೆ ದಿನಕ್ಕೆ ಐದು ಗಂಟೆ ಬಿಡುವು, ಮಗುವಿಗೆ ನಾಲ್ಕು ಜನರ ಮುಖ. ಸಿಗದಿದ್ದರೆ ಅದೇ ಚಾಪೆ, ಅದೇ ಸೂರು.

ಒಂದು ಗುರುವಾರ ತಾಯಿ ಯಂತ್ರದ ಮುಂದಿನಿಂದ ಏಳಲೇ ಇಲ್ಲ. ಬೆನ್ನು ಹಾಕಿಕೊಂಡೇ ಹೇಳಿದಳು: "ಇನ್ನು ನನ್ನ ಕೈಲಾಗಲ್ಲ ಅಕ್ಕ. ಇವಳಿಗೆ ಏನೂ ಬರಲ್ಲ ಅಂತ ನೀವೇ ಒಂದು ಮಾತು ಹೇಳ್ಬಿಡಿ. ಬಿಟ್ಬಿಡ್ತೀನಿ."

ಹತ್ತೊಂಬತ್ತು ವರ್ಷದಲ್ಲಿ ಆ ಮಾತನ್ನು ಬ್ಯಾಗಕ್ಕ ಎಷ್ಟು ಸಲ ಕೇಳಿಲ್ಲ! ಅವತ್ತು ಮಾತ್ರ ತಡೆಯಲಾಗಲಿಲ್ಲ. ಪುಟ್ಟಿಯನ್ನು ಎತ್ತಿ ತನ್ನ ಮುಂದೆ ಕೂರಿಸಿಕೊಂಡಳು, ತಾಯಿಗೆ ಇಲ್ಲಿ ತಿರುಗಿ ನೋಡು ಎಂದಳು, ಹತ್ತರವರೆಗೆ ಎಣಿಸಿದಳು. ಪುಟ್ಟಿ ಕೂತಿದ್ದಳು, ತಾಯಿಯ ಮುಖ ನೋಡಿ ನಗುತ್ತಲೂ ಇದ್ದಳು. ಫ್ರಾಕಿನೊಳಗೆ ಸೊಂಟದ ಹತ್ತಿರ ಬ್ಯಾಗಕ್ಕನ ಎರಡು ಬೆರಳು ಆನಿಕೊಂಡಿದ್ದದ್ದು ಎದುರಿಗಿದ್ದವಳಿಗೆ ಕಾಣಲಿಲ್ಲ. ಅಡುಗೆಮನೆಯಲ್ಲಿದ್ದ ಅಪ್ಪ ಓಡಿಬಂದು ಫೋಟೋ ತೆಗೆದ. ನೆಂಟರಿಷ್ಟರಿಗೆಲ್ಲ ಅದು ಹೋಯಿತು.

ಅವಳೇನು ಮೋಸ ಮಾಡಬೇಕೆಂದು ಮಾಡಿದವಳಲ್ಲ. ಎರಡು ಬೆರಳು ಒಂದಾಗುತ್ತದೆ, ಒಂದು ಇಲ್ಲವಾಗುತ್ತದೆ, ಸುಳ್ಳು ತಾನಾಗಿ ನಿಜವಾಗುತ್ತದೆ ಎಂದುಕೊಂಡಿದ್ದಳು. ತಾಯಿಯ ಕೈಯಲ್ಲಿ ಕೆಲವು ಮಕ್ಕಳಿಗೆ ಹಾಗಾದದ್ದೂ ಉಂಟು. ಪುಟ್ಟಿಯಲ್ಲಿ ವಾರ ವಾರವೂ ಎರಡು ಬೆರಳು ಎರಡಾಗಿಯೇ ಉಳಿಯಿತು.

ಅತ್ತ ತಾಯಿ ಬಿಡುವಿಲ್ಲದೆ ಮಗಳನ್ನು ಕೂರಿಸಲು ತೊಡಗಿದಳು. ಅವಳ ಕೈಯಲ್ಲಿ ಪುಟ್ಟಿ ಮೂರು ಎಣಿಸುವಷ್ಟರಲ್ಲಿ ವಾಲುತ್ತಿದ್ದಳು. ಪ್ರತಿ ಗುರುವಾರ ಅವಳದು ಒಂದೇ ವರದಿ: ನಿಮ್ಮ ಕೈಗುಣ ಅಕ್ಕ, ನನಗೆ ಬರಲ್ಲ. ಬರುತ್ತೆ, ಬರುತ್ತೆ ಎಂದು ಬ್ಯಾಗಕ್ಕ ಕಣ್ಣು ತಪ್ಪಿಸುತ್ತಿದ್ದಳು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಒಂದು ವಾರ ಅವಳು ಹೋದಾಗ ಗೋಡೆಯ ಮೊಳೆಗೆ ಹೊಸ ನೀಲಿ ಯೂನಿಫಾರಂ ತೂಗುತ್ತಿತ್ತು. ಪುಟ್ಟಿಯ ಅಳತೆಯದು, ಮಲಗಿಸಿಯೇ ತೊಡಿಸಲು ಬರುವಂತೆ ಬೆನ್ನ ತುಂಬ ಗುಂಡಿ ಇಟ್ಟು ಹೊಲಿದದ್ದು. ಅವತ್ತಾದರೂ ಹೇಳಬಹುದಿತ್ತು. ಹೇಳಲಿಲ್ಲ, ಹೇಡಿ.

ಶಾಲೆಯವರು ಪುಟ್ಟಿಯನ್ನು ಕೂರಿಸಿ ನೋಡುವ ದಿನ ಬ್ಯಾಗಕ್ಕನೂ ಜೊತೆಗೆ ಹೋದಳು. ಅಕ್ಕನೇ ಕೂರಿಸಲಿ, ಅವರ ಕೈಗುಣ ಚೆನ್ನಾಗಿದೆ ಎಂದು ತಾಯಿ ಬೇಡಿಕೊಂಡಳು. ಅಲ್ಲಿನ ಟೀಚರಮ್ಮ ಒಪ್ಪಲಿಲ್ಲ. ತಾಯಿಯೇ ಕೂರಿಸಿ ಕೈ ಬಿಡಬೇಕು, ಮನೆಯಲ್ಲಿರುವವರು ನೀವಲ್ಲವೇ ಎಂದರು. ತಾಯಿ ಕೂರಿಸಿದಳು, ಕೈ ಬಿಟ್ಟಳು. ಮೂರಕ್ಕೆ ಪುಟ್ಟಿ ವಾಲಿದಳು, ನಾಲ್ಕಕ್ಕೆ ತಾಯಿಯ ತೋಳಿನಲ್ಲಿದ್ದಳು. ಇನ್ನೊಂದು ಸಲ, ಮತ್ತೊಂದು ಸಲ. ಟೀಚರಮ್ಮ ಕೆಟ್ಟವರಲ್ಲ. ನೀರು ತರಿಸಿಕೊಟ್ಟು, ಕೂರುವಂತಾದ ಮೇಲೆ ಬನ್ನಿ ಎಂದರು.

ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ತಾಯಿ ಮಗಳನ್ನು ಹೆಗಲಿಗೆ ಹಾಕಿಕೊಂಡು ಕೂತಳು. ಯೂನಿಫಾರಮ್ಮಿನ ಗುಂಡಿಗಳನ್ನು ಒಂದೊಂದಾಗಿ ಸವರುತ್ತಿದ್ದಳು.

"ನಿಮ್ಮ ಹತ್ರ ಕೂರೋಳು ನನ್ನ ಹತ್ರ ಕೂರಲ್ಲ ಅಂದ್ರೆ," ಅಂದಳು, "ಹೆತ್ತ ಕೈಯೇ ಸರಿಯಿಲ್ಲ ಅಂತ ಆಯ್ತಲ್ಲ ಅಕ್ಕ."

ಬ್ಯಾಗಕ್ಕ ಹೆಗಲ ಬ್ಯಾಗನ್ನು ಇಳಿಸಿ ನೆಲಕ್ಕಿಟ್ಟಳು.

"ನನ್ನ ಬೆರಳಿತ್ತು ಕಣಮ್ಮ. ಬೆನ್ನ ಹಿಂದೆ. ಅವತ್ತೂ, ಆಮೇಲೂ."

ಬಸ್ಸೊಂದು ಬಂತು, ಹೋಯಿತು. ಇಬ್ಬರೂ ಏಳಲಿಲ್ಲ.

"ಹಾಗಾದ್ರೆ ಇವಳು ಯಾವತ್ತೂ ಕೂತೇ ಇಲ್ವಾ?"

"ಇಲ್ಲ."

"ಒಂದು ಸಲಾನೂ?"

"ಇಲ್ಲಮ್ಮ."

ತಾಯಿ ಬಯ್ಯಲಿಲ್ಲ. ಬೈದಿದ್ದರೆ ಬ್ಯಾಗಕ್ಕ ಬದುಕಿಕೊಳ್ಳುತ್ತಿದ್ದಳು.

ಮುಂದಿನ ಗುರುವಾರ ಕೊನೆಯ ಭೇಟಿ. ಬಾಗಿಲು ತೆರೆದೇ ಇತ್ತು. ತಾಯಿ ನೆಲದ ಮೇಲೆ ಕೂತು ನೀಲಿ ಯೂನಿಫಾರಮ್ಮಿನ ಹೊಲಿಗೆ ಬಿಚ್ಚುತ್ತಿದ್ದಳು. ಗುಂಡಿಗಳು ಒಂದು ತಟ್ಟೆಯಲ್ಲಿದ್ದವು. ಬಟ್ಟೆ ಒಳ್ಳೆಯದು, ಯಾರದಾದರೂ ಮಗುವಿಗೆ ಆಗುತ್ತದೆ ಎಂದಳು. ಗೋಡೆಯಲ್ಲಿ ಮೊಳೆಯಷ್ಟೇ ಉಳಿದಿತ್ತು. ಫೈಲು ಮುಗಿಸಬೇಕಲ್ಲ, ಒಂದು ಸಲ ಕೂರಿಸಿ ನೋಡೋಣ ಎಂದು ಬ್ಯಾಗಕ್ಕ ತಗ್ಗಿದ ದನಿಯಲ್ಲಿ ಹೇಳಿದಳು.

ತಾಯಿ ಕತ್ತರಿ ಬದಿಗಿಟ್ಟಳು, ಮಗಳನ್ನು ಕೂರಿಸಿದಳು, ಕೈ ಬಿಟ್ಟು ಎಣಿಸಿದಳು. ಒಂದು, ಎರಡು. ಪುಟ್ಟಿಯ ಬೆನ್ನು ಬಾಗತೊಡಗಿತು. ಮೂರು ತಿಂಗಳ ಅಭ್ಯಾಸ. ಬ್ಯಾಗಕ್ಕನ ಕೈ ಅವಳಿಗೇ ತಿಳಿಯದಂತೆ ಮಡಿಲಿನಿಂದ ಎದ್ದು ಮುಂದೆ ಹೋಗಿತ್ತು.

"ಕೈ ತೆಗೀರಿ ಅಕ್ಕ," ಅಂದಳು ತಾಯಿ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. "ಅವಳು ಬೀಳೋದನ್ನ ನಾನು ನೋಡ್ಬೇಕು."

ಮೂರಕ್ಕೆ ಪುಟ್ಟಿ ಬಿದ್ದಳು. ತಾಯಿ ಹಿಡಿದುಕೊಂಡಳು, ಚಾಪೆಯ ಮೇಲೆ ಮಲಗಿಸಿದಳು, ಮತ್ತೆ ಹೊಲಿಗೆ ಬಿಚ್ಚಲು ಕೂತಳು. ಬ್ಯಾಗಕ್ಕ ಫೈಲಿನಲ್ಲಿ ಮೂರು ಎಂದು ಬರೆದಳು. ಆ ಮೂರು ತಿಂಗಳಲ್ಲಿ ಆ ಮನೆಯಲ್ಲಿ ಮಡಿಲಲ್ಲಿ ಕೈಯಿಟ್ಟುಕೊಂಡು ನೋಡಿ ಬರೆದ ಅಂಕಿ ಅದೊಂದೇ.